ಊಟದ ತಟ್ಟೆಯಲ್ಲಿ ಮೆಣಸಿನಕಾಯಿಯ ಪೋಷಕಾಂಶಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಮೆಣಸಿನಕಾಯಿಯ ಮಾತು ಬಂದಾಗ ನಾವು ಅದರ ಖಾರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಆದರೆ ಟೊಮೆಟೊ ಮತ್ತು ಬದನೆಯ ಕುಟುಂಬಕ್ಕೇ ಸೇರಿದ ಈ ಕಾಯಿ ಮಸಾಲೆಯಾಗುವುದಕ್ಕೆ ಮೊದಲು ಒಂದು ತರಕಾರಿ. ಮೆಕ್ಸಿಕೊದ ಜನರು ಸಾವಿರಾರು ವರ್ಷಗಳಿಂದ ಅದನ್ನು ಮೆಕ್ಕೆಜೋಳ, ಬೀನ್ಸ್ ಮತ್ತು ಕುಂಬಳದ ಜೊತೆಗೆ ಉಣ್ಣುತ್ತ ಬಂದಿದ್ದಾರೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಮೇಲೆ ಅದು ನಮ್ಮ ಅಡುಗೆಯಲ್ಲಿ ಕರಿಮೆಣಸಿನ ಜಾಗವನ್ನು ಬಹುಮಟ್ಟಿಗೆ ತನ್ನದಾಗಿಸಿಕೊಂಡಿತು. ಅದರಿಂದ ನಮಗೆ ಸಿಗುವ ಪೋಷಣೆಯಾದರೂ ಏನು ಎಂದು ಕೇಳಿದರೆ, ಅದನ್ನು ಹಸಿಯಾಗಿ ತಿನ್ನುತ್ತೇವೆಯೋ ಒಣಗಿಸಿ ತಿನ್ನುತ್ತೇವೆಯೋ ಎಂಬುದರ ಮೇಲೆ ಉತ್ತರ ಬಹಳವಾಗಿ ಬದಲಾಗುತ್ತದೆ.

ಹಸಿ ಕಾಯಿಯ ದೊಡ್ಡ ಸಂಪತ್ತು ಸಿ ಜೀವಸತ್ವ. ಹಂಗೇರಿಯ ಸೆಗೆಡ್ ನಗರದಲ್ಲಿದ್ದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅವರಿಗೆ 1930ರ ದಶಕದ ಆರಂಭದಲ್ಲಿ ಈ ಜೀವಸತ್ವವನ್ನು ಸಾಕಷ್ಟು ಪ್ರಮಾಣದಲ್ಲಿ ಬೇರ್ಪಡಿಸುವುದೇ ಕಷ್ಟವಾಗಿತ್ತು. ಅವರೇ ಹೇಳಿಕೊಂಡಿರುವಂತೆ, ಒಂದು ರಾತ್ರಿ ಊಟಕ್ಕೆ ಬಡಿಸಿದ ತಾಜಾ ಕೆಂಪು ಪ್ಯಾಪ್ರಿಕಾವನ್ನು ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದಾಗ, ತಾವು ಹುಡುಕುತ್ತಿದ್ದ ವಸ್ತು ಅದರಲ್ಲಿ ತುಂಬಿಕೊಂಡಿತ್ತು. ಆ ಊರಿನ ಸುತ್ತ ಹೇರಳವಾಗಿ ಬೆಳೆಯುತ್ತಿದ್ದ ಕಾಯಿಯಿಂದ ಅವರು ಮುಂದೆ ಕಿಲೋಗ್ರಾಂ ಲೆಕ್ಕದಲ್ಲಿ ಅದನ್ನು ತೆಗೆದರು. 1937ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಪ್ಯಾಪ್ರಿಕಾ ನಮ್ಮ ಮನೆಯ ಮೆಣಸಿನಕಾಯಿಯ ಜಾತಿಗೇ ಸೇರಿದ್ದು.

ತಳಿ ಮತ್ತು ಬಲಿತ ಹದಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾದರೂ, 100 ಗ್ರಾಂ ಹಸಿಮೆಣಸಿನಕಾಯಿಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಆಸುಪಾಸಿನಲ್ಲಿ, ಕೆಲವು ತಳಿಗಳಲ್ಲಿ ಅದರ ಇಮ್ಮಡಿಯಷ್ಟು ಸಿ ಜೀವಸತ್ವ ಇರುತ್ತದೆ. ನೂರು ಗ್ರಾಂ ಮೆಣಸಿನಕಾಯಿಯನ್ನು ಯಾರೂ ಒಂದೇ ದಿನ ತಿನ್ನುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಗಿರಮಿಟ್ಟಿನ ಜೊತೆಗೋ ಜೋಳದ ರೊಟ್ಟಿಯ ಜೊತೆಗೋ ನಾಲ್ಕು ಕಾಯಿಗಳನ್ನು ಹಸಿಯಾಗಿ ಕಚ್ಚಿ ತಿನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಆ ನಾಲ್ಕು ಕಾಯಿ 20 ಗ್ರಾಂ ತೂಗಿದರೂ, ವಯಸ್ಕ ಪುರುಷನಿಗೆ ದಿನಕ್ಕೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ 80 ಮಿಲಿಗ್ರಾಂನಲ್ಲಿ ಕಾಲು ಭಾಗ ಅಲ್ಲಿಯೇ ಸಿಕ್ಕಂತಾಯಿತು. ಬೇಳೆಯೊಡನೆ ಹೊತ್ತುಗಟ್ಟಲೆ ಬೇಯಿಸಿದ ಕಾಯಿಗೆ ಈ ಲೆಕ್ಕ ಅನ್ವಯಿಸದು. ಶಾಖಕ್ಕೆ ಸಿ ಜೀವಸತ್ವ ಬೇಗ ಕುಂದುತ್ತದೆ.

ಕಾಯಿ ಹಣ್ಣಾಗಿ ಬಿಸಿಲಿಗೆ ಒಣಗಿದಾಗ ಸಿ ಜೀವಸತ್ವದ ಬಹುಪಾಲು ಹೊರಟುಹೋಗುತ್ತದೆ, ಉಳಿಯುವುದು ಬಣ್ಣದ ಸಂಯುಕ್ತಗಳು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡಿಮೆ ಖಾರಕ್ಕೂ ಕಡುಗೆಂಪು ಬಣ್ಣಕ್ಕೂ ಹೆಸರಾದದ್ದು. ಆ ಕೆಂಪಿಗೆ ಮುಖ್ಯ ಕಾರಣವಾದ ಕ್ಯಾಪ್ಸಾಂಥಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಕೆಂಪು ಹೆಚ್ಚಿದಷ್ಟೂ ಜೀವಸತ್ವ ಹೆಚ್ಚು ಎಂದು ಭಾವಿಸುವವರಿದ್ದಾರೆ. ಹಾಗೆ ಮಾರ್ಪಡುವುದು ಅದರ ಜೊತೆಗಿರುವ ಬೀಟಾ ಕ್ಯಾರೋಟಿನ್ ಮತ್ತು ಬೀಟಾ ಕ್ರಿಪ್ಟೊಕ್ಸಾಂಥಿನ್. ಇವು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ, ಕೆಂಪು ಚಟ್ನಿಗೆ ಎಣ್ಣೆ ಹಾಕಿಕೊಂಡು ತಿನ್ನುವ ರೂಢಿ ರುಚಿಗಷ್ಟೇ ಅಲ್ಲದೆ ಪೋಷಣೆಗೂ ಒದಗುತ್ತದೆ.

ಕಬ್ಬಿಣಾಂಶದ ವಿಷಯ ಇಷ್ಟು ಸರಳವಲ್ಲ. ಕಾಳು, ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಆ ದೃಷ್ಟಿಯಿಂದ ಹಸಿಕಾಯಿ ಹಿತವೇ. ಆದರೆ ಯುವತಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಬ್ಬಿಣ ಬೆರೆಸಿದ ಊಟಕ್ಕೆ ಒಣಮೆಣಸಿನಕಾಯಿ ಸೇರಿಸಿದಾಗ ಕಬ್ಬಿಣದ ಹೀರುವಿಕೆ ಸುಮಾರು ಶೇಕಡಾ 38ರಷ್ಟು ತಗ್ಗಿತು. ಅರಿಸಿನದಿಂದ ಅಂಥ ಪರಿಣಾಮ ಕಾಣಲಿಲ್ಲ. ಹಾಗೆಂದು ರಕ್ತಹೀನತೆ ಇರುವವರು ಒಣಖಾರವನ್ನು ಪೂರ್ತಿ ಬಿಡಬೇಕೆಂದು ಒಂದೇ ಅಧ್ಯಯನದ ಬಲದ ಮೇಲೆ ನಾನು ಹೇಳಲಾರೆ. ಆದರೂ ಬರಿಯ ಖಾರದಲ್ಲೇ ರೊಟ್ಟಿ ಮುಗಿಸುವ ಬದಲು ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಳ್ಳುವುದು ಮೇಲು.

ಇನ್ನು ಖಾರ. ಬೀಜವನ್ನು ಹಿಡಿದಿಡುವ ಒಳಗಿನ ಬಿಳಿ ತಿರುಳಿನಲ್ಲಿ ಉತ್ಪತ್ತಿಯಾಗುವ ಕ್ಯಾಪ್ಸೈಸಿನ್ ಪೋಷಕಾಂಶವಲ್ಲ. ಶಾಖವನ್ನು ಗುರುತಿಸುವ ನರತುದಿಗಳನ್ನು ಅದು ಕೆರಳಿಸುತ್ತದೆ. ಆ ನರತುದಿಗಳಲ್ಲಿ ಕ್ಯಾಪ್ಸೈಸಿನ್ ಹೋಗಿ ಅಂಟಿಕೊಳ್ಳುವ ಗ್ರಾಹಕ ಎಂಬ ಪ್ರೋಟೀನನ್ನು 1997ರಲ್ಲಿ ಪತ್ತೆಹಚ್ಚಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಖಾರದಿಂದಲೇ ಹೊಟ್ಟೆಹುಣ್ಣಾಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಹುಣ್ಣಿನ ಮುಖ್ಯ ಕಾರಣಗಳು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಮತ್ತು ಕೆಲವು ನೋವುನಿವಾರಕ ಮಾತ್ರೆಗಳು. ಎದೆಯುರಿ ಇರುವವರಿಗೆ ಖಾರ ಕಾಟ ಕೊಡಬಹುದೆಂಬುದು ಬೇರೆ ಮಾತು.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು, ನನ್ನ ಅಭಿಪ್ರಾಯದಲ್ಲಿ, ಮೆಣಸಿನಕಾಯಿಯ ಜೊತೆಗೆ ಒಳಗೆ ಹೋಗುವ ಇತರ ವಸ್ತುಗಳು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ ಮತ್ತು ಮಜ್ಜಿಗೆ ಮೆಣಸಿನಕಾಯಿಗಳಿಂದ ಆ ಮಿತಿಯನ್ನು ದಾಟುವುದು ಸುಲಭ. ಸರಿಯಾಗಿ ಒಣಗದೆ ತೇವ ಉಳಿದ ಕಾಯಿಯಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಯಕೃತ್ತಿಗೆ ಹಾನಿಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ, ಮತ್ತು ಅದು ಮನೆಯ ಬಾಣಲೆಯಲ್ಲಿ ಹುರಿದ ಮಾತ್ರಕ್ಕೆ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಸಾಧ್ಯವಿದ್ದವರು ಪುಡಿಯ ಬದಲು ಇಡಿಯ ಕಾಯಿಯನ್ನೇ ಕೊಂಡು, ಕೆಲವನ್ನು ಮುರಿದು ಒಳಗೆ ಬೂಷ್ಟು ಹಿಡಿದಿದೆಯೇ ಎಂದು ನೋಡಿ, ಅಂಥವನ್ನು ತೆಗೆದುಹಾಕಿ, ಮತ್ತೆ ಒಮ್ಮೆ ಬಿಸಿಲಿಗೆ ಹಾಕಿದ ನಂತರವೇ ಪುಡಿ ಮಾಡಿಸಬೇಕು. ನಮಸ್ಕಾರ.