ಗಾಡಿಯಲ್ಲಿ ಏನಿತ್ತು?

ಕೇಳುಗರಿಗೆಲ್ಲ ನಮಸ್ಕಾರ. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಆತನ ಎತ್ತರದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮೂವತ್ತು ವರ್ಷ ಪಾಠ ಮಾಡಿದ ನನಗೆ ಹುಡುಗರು ಮೊದಲು ಕೇಳಿದ್ದು ಅದನ್ನೇ. ಐದಡಿ ಎರಡಂಗುಲದ ಕುಳ್ಳ ಎನ್ನುತ್ತಾರಲ್ಲ, ಆತ ಕುಳ್ಳನಲ್ಲ. ಫ್ರೆಂಚರ ಅಂದಿನ ಅಡಿ ನಮ್ಮ ಅಡಿಗಿಂತ ಸ್ವಲ್ಪ ಉದ್ದ. ಅವರ ಐದಡಿ ಎರಡಂಗುಲ ಎಂದರೆ ನಮ್ಮ ಐದೂವರೆ ಅಡಿ. ಆಯಿತಲ್ಲ? ಇನ್ನು ಮುಂದೆ ಹೋಗೋಣ.

ನೆಪೋಲಿಯನ್ನನ ದಂಡಯಾತ್ರೆಗಳನ್ನು ಓದುವವರಿಗೆ ನಾನು ಕಲಿಸುವುದು ಒಂದೇ ಪ್ರಶ್ನೆ. ಗಾಡಿಯಲ್ಲಿ ಏನಿತ್ತು? ಮದುವೆ ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಮಂಟಪದಲ್ಲಿ ಕೂತರೆ ಸಾಲದು, ಉಗ್ರಾಣಕ್ಕೆ ಹೋಗಬೇಕು. ಈಗ ಒಲೆ ಮುಂದೆ ನಿಂತು ರೇಡಿಯೊ ಕೇಳುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದವಿ ತರಗತಿಯವರಿಗೇ ಹೇಳಬೇಕು. ಕುದುರೆ ಏರಿ ಕತ್ತಿ ಎತ್ತಿದ ಚಿತ್ರ ನೋಡಿ ಅವರು ಅಲ್ಲೇ ನಿಂತುಬಿಡುತ್ತಾರೆ.

1805ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ದಡದ ಬೂಲೋನ್‌ನಿಂದ ಹೊರಟ ಸೈನ್ಯ ಅಕ್ಟೋಬರ್ 20ಕ್ಕೆ ಜರ್ಮನಿಯ ಉಲ್ಮ್‌ನಲ್ಲಿ ಆಸ್ಟ್ರಿಯದ ಸೇನಾಪತಿ ಮ್ಯಾಕ್‌ನನ್ನು ಶರಣಾಗಿಸಿತು. ಅಷ್ಟು ವೇಗ ಹೇಗೆ ಬಂತು? ಗಾಡಿ ಕಡಿಮೆ. ಸುಗ್ಗಿ ಮುಗಿದ ಕಾಲ, ಹೆಜ್ಜೆಗೊಂದು ಹಳ್ಳಿ, ಕಣಜ ತುಂಬಿದ್ದವು. ಸೈನಿಕರು ದಾರಿಯಲ್ಲಿ ಸಿಕ್ಕಿದ್ದನ್ನು ಕಿತ್ತುಕೊಂಡು ತಿಂದು ನಡೆದರು. ಅದೇ ಲೆಕ್ಕ ಹಿಡಿದು 1812ರ ಜೂನ್ 24ರಂದು ನೀಮೆನ್ ನದಿ ದಾಟಿ ರಷ್ಯಕ್ಕೆ ನುಗ್ಗಿದರೆ ಏನಾಗುತ್ತದೆ? ಹಳ್ಳಿ ವಿರಳ, ದಾರಿ ಕೆಸರು, ಕುದುರೆಗೆ ಒಣ ಮೇವಿಲ್ಲ. ಹಸಿ ಪೈರು ಮೇದು ಮೊದಲ ವಾರಗಳಲ್ಲೇ ಸಾವಿರಾರು ಕುದುರೆ ಸತ್ತವು. ಕುದುರೆ ಸತ್ತರೆ ಗಾಡಿ ನಿಂತಿತು, ಗಾಡಿ ನಿಂತರೆ ರೊಟ್ಟಿ ನಿಂತಿತು. ಶಾರ್ಲ್ ಮಿನಾರ್ ಎಂಬ ಫ್ರೆಂಚ್ ಇಂಜಿನಿಯರ್ 1869ರಲ್ಲಿ ಈ ದಂಡಯಾತ್ರೆಯ ಒಂದು ನಕ್ಷೆ ಬರೆದ. ಹೊರಟವರು 4,22,000, ಮಾಸ್ಕೋ ಮುಟ್ಟಿದವರು 1,00,000. ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಹಿಮ ಇನ್ನೂ ಬಿದ್ದಿರಲಿಲ್ಲ! ಚಳಿಯೇ ಸೋಲಿಸಿತು ಎಂದು ಉತ್ತರಪತ್ರಿಕೆಯಲ್ಲಿ ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ.

ಈಗ ನನಗೆ ಪ್ರಿಯವಾದ ಕಥೆ. ಸೈನ್ಯ ಮಾಸ್ಕೋದಿಂದ ಹಿಂದಿರುಗುತ್ತಿದೆ. ನವೆಂಬರ್. ನದಿ ದಾಟಲೆಂದು ತಂದ ದೋಣಿ ಸೇತುವೆಯ ಸಾಮಾನು ಗಾಡಿಗಟ್ಟಲೆ ಇದೆ, ಫಿರಂಗಿ ಎಳೆಯಲು ಕುದುರೆಯಿಲ್ಲ. ಓರ್ಶ ಎಂಬಲ್ಲಿ ನೆಪೋಲಿಯನ್ ಅಪ್ಪಣೆ ಕೊಟ್ಟ. ಇದನ್ನೆಲ್ಲ ಸುಡಿ, ಆ ಕುದುರೆಗಳನ್ನು ಫಿರಂಗಿಗೆ ಕಟ್ಟಿ. ಸೇತುವೆ ಪಡೆಯ ಮುಖ್ಯಸ್ಥ ಎಬ್ಲೆ, ಐವತ್ತು ದಾಟಿದ ಜನರಲ್. ಸ್ವಲ್ಪವನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಬೇಡಿಕೊಂಡ. ಆಗಲಿಲ್ಲ. ದೋಣಿಗಳು ಬೂದಿಯಾದವು. ಆದರೆ ಎಬ್ಲೆ ಎರಡು ಕುಲುಮೆ, ಎರಡು ಗಾಡಿ ಇದ್ದಿಲು, ಆರು ಪೆಟ್ಟಿಗೆಗಾಡಿ ತುಂಬ ಸಲಕರಣೆ, ಮೊಳೆ ಉಳಿಸಿಕೊಂಡ. ನೆನಪಿಡಿ, ಎರಡು ಕುಲುಮೆ.

ಮುಂದೆ ಬೆರೆಜಿನಾ ನದಿ. ಅದು ಹೆಪ್ಪುಗಟ್ಟಿದ್ದರೆ ನಡೆದೇ ದಾಟಬಹುದಿತ್ತು. ಹಾಳು ನದಿ, ಆ ವಾರ ಚಳಿ ಸಡಿಲವಾಗಿ ಕರಗಿ ಹರಿಯುತ್ತಿತ್ತು! ಬೊರಿಸೊವ್‌ನಲ್ಲಿದ್ದ ಸೇತುವೆ ರಷ್ಯನ್ನರ ವಶವಾಗಿ ಸುಟ್ಟುಹೋಗಿತ್ತು. ಅಲ್ಲಿಂದ ಉತ್ತರಕ್ಕೆ ಸ್ತುದ್ಯಾಂಕ ಎಂಬ ಹಳ್ಳಿಯ ಬಳಿ ನೀರು ಆಳವಿಲ್ಲದ ಜಾಗ ಸಿಕ್ಕಿತು. ಎಬ್ಲೆಯ ಜನ ಹಳ್ಳಿಯ ಮನೆಗಳನ್ನು ಬಿಚ್ಚಿ ತೊಲೆ, ಹಲಗೆ ತಂದರು. ಉಳಿಸಿಕೊಂಡ ಕುಲುಮೆ, ಸಲಕರಣೆ, ಮೊಳೆ ಈಗ ಕೆಲಸಕ್ಕೆ ಬಂದವು. ಸುಮಾರು ನಾನೂರು ಮಂದಿ. ಎದೆಮಟ್ಟ ನೀರಿಗಿಳಿದು, ತೇಲಿ ಬರುವ ಮಂಜುಗಡ್ಡೆಯನ್ನು ತಳ್ಳುತ್ತ ಕಂಬ ನಿಲ್ಲಿಸಿದರು. 26ರಂದು ಎರಡು ಸೇತುವೆ ಸಿದ್ಧ. ಕಾಲಾಳುಗಳಿಗೆ ಒಂದು, ಫಿರಂಗಿ ಗಾಡಿಗಳಿಗೆ ಇನ್ನೊಂದು. ದೊಡ್ಡದು ಮೂರು ಸಲ ಮುರಿಯಿತು. ಬೆಂಕಿ ಪಕ್ಕ ಮೈ ಕಾಯಿಸುತ್ತಿದ್ದವರನ್ನು ಎಬ್ಲೆಯೇ ಹೋಗಿ ಎಬ್ಬಿಸಿ ಕರೆತಂದು, ತಾನೂ ನೀರಿಗಿಳಿದ. ಚಕ್ರವರ್ತಿ ದಾಟಿದ, ಸೈನ್ಯ ದಾಟಿತು. ಹಿಂದೆ ಉಳಿದ ಸಾವಿರಾರು ಜನ ರಾತ್ರಿ ಸೇತುವೆ ಖಾಲಿ ಇದ್ದಾಗ ಬೆಂಕಿ ಬಿಟ್ಟೇಳಲಿಲ್ಲ. ದಾಟಿ, ದಾಟಿ ಎಂದು ಹೇಳಿ ಹೇಳಿ ಸಾಕಾಗಿ, 29ರ ಬೆಳಿಗ್ಗೆ, ರಷ್ಯನ್ನರು ಬೆನ್ನಟ್ಟಿ ದಾಟದಿರಲೆಂದು, ಎಬ್ಲೆ ಸೇತುವೆಗೆ ಬೆಂಕಿ ಇಟ್ಟ. ಆ ನಾನೂರರಲ್ಲಿ ಊರು ಸೇರಿದವರು ಬೆರಳೆಣಿಕೆ. ಎಬ್ಲೆಯೂ ಡಿಸೆಂಬರ್ ಮುಗಿಯುವಷ್ಟರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ನೆಪೋಲಿಯನ್ನನಿಗೆ ಅಂದು ಜೀವ ಉಳಿದದ್ದು ಗಾಡಿಯಲ್ಲಿ ಏನಿತ್ತು ಎಂಬುದರಿಂದ. ಅದೂ ಆತನ ಅಪ್ಪಣೆಯ ಅಂಚಿನಲ್ಲಿ ಉಳಿಸಿಕೊಂಡದ್ದರಿಂದ.

ಗಾಜಿನಾಚೆ ಕೈಗಡಿಯಾರ ತೋರಿಸುತ್ತಿದ್ದಾರೆ. ಸ್ಪೇನ್, ಲೈಪ್‌ಜಿಗ್, ವಾಟರ್ಲೂ ಯುದ್ಧಗಳು ಇಂದಿಗೆ ಇಲ್ಲ. ಟಿಪ್ಪುವಿನ ವಿಷಯ ಬಿಟ್ಟರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಕಾಗದ ಬರೆದದ್ದು ನಿಜ. ಅದು ಅರೇಬಿಯದ ಜೆಡ್ಡಾ ಬಂದರಿನಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಸಿಗದಿದ್ದರೂ ಅಷ್ಟೇ. ಹಿಂದಿನ ಆಗಸ್ಟ್‌ನಲ್ಲೇ ಬ್ರಿಟಿಷ್ ನೌಕಾಪತಿ ನೆಲ್ಸನ್ ಈಜಿಪ್ಟ್ ಕರಾವಳಿಯ ಅಬೂಕಿರ್‌ನಲ್ಲಿ ನೆಪೋಲಿಯನ್ನನ ಹಡಗುಪಡೆಯನ್ನು ಮುಗಿಸಿದ್ದ. ಗಾಡಿಯಲ್ಲಿ ಏನಿತ್ತು ಎಂದು ಕೇಳುವುದಿರಲಿ, ಗಾಡಿಯೇ ಇರಲಿಲ್ಲ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಕುಟುಂಬದ ಬಗ್ಗೆ ಅರ್ಧ ನಿಮಿಷ. ಅಣ್ಣ ಜೋಸೆಫ್‌ಗೆ ನೇಪಲ್ಸ್, ಆಮೇಲೆ ಸ್ಪೇನ್. ತಮ್ಮ ಲೂಯಿಗೆ ಹಾಲೆಂಡ್, ಕಿರಿಯ ಜೆರೋಮ್‌ಗೆ ವೆಸ್ಟ್‌ಫಾಲಿಯ. ಹಬ್ಬದ ಊಟಕ್ಕೆ ಎಲೆ ಹಾಕಿದ ಹಾಗೆ ಸಿಂಹಾಸನ ಹಾಕಿದ. ಲೆಕ್ಕ ಇಟ್ಟವಳು ತಾಯಿ ಲೆಟಿಸಿಯಾ ಒಬ್ಬಳೇ. ಮಕ್ಕಳು ರಾಜರಾಗಿ ಮೆರೆಯುವಾಗಲೂ ಆಕೆ ಕಾಸಿಗೆ ಕಾಸು ಕೂಡಿಟ್ಟಳು. ಮನೆಯವರು ಜಿಪುಣಿ ಎಂದು ನಕ್ಕರು. 1814ರಲ್ಲಿ ಎಲ್ಲ ಹೋಗಿ ಮಗ ಎಲ್ಬಾ ದ್ವೀಪ ಸೇರಿದಾಗ ಅವನ ಹಿಂದೆ ಹೋದವಳೂ ಆಕೆಯೇ. ನೆಪೋಲಿಯನ್ನನ ಪಟ್ಟಾಭಿಷೇಕದ ಆ ದೊಡ್ಡ ಚಿತ್ರದಲ್ಲಿ ಕಲಾವಿದ ಡೇವಿಡ್ ಆಕೆಯನ್ನು ನಡುವಿನ ಆಸನದಲ್ಲಿ ಕೂರಿಸಿದ್ದಾನೆ. ಪಟ್ಟಾಭಿಷೇಕ ನಡೆದ 1804ರ ಡಿಸೆಂಬರ್ 2ರಂದು ಆಕೆ ಪ್ಯಾರಿಸ್‌ನಲ್ಲೇ ಇರಲಿಲ್ಲ. ಮಗನ ಮೇಲೆ ಮುನಿಸಿಕೊಂಡು ರೋಮ್‌ನಲ್ಲಿದ್ದಳು. ನಮಸ್ಕಾರ.