ಸವೆಯಲೆಂದೇ ಬಳಿಯುವ ಬಣ್ಣ

ಕೇಳುಗರಿಗೆ ನಮಸ್ಕಾರ. ಸದಾ ಸಮುದ್ರದಲ್ಲೇ ನಿಲ್ಲುವ ಹಾಯಿದೋಣಿಯನ್ನು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ದಡಕ್ಕೆತ್ತಿ, ತಳವನ್ನು ಉಜ್ಜಿ ತೊಳೆದು, ಹೊಸದಾಗಿ ಬಣ್ಣ ಬಳಿಯುವ ಕೆಲಸದ ಕುರಿತು ಈ ಹೊತ್ತು ಮಾತನಾಡಲಿದ್ದೇನೆ. ನೀರಿನ ಗೆರೆಗಿಂತ ಮೇಲಿನ ಬಣ್ಣ ಬಾಳಿಕೆ ಬರಬೇಕು; ಕೆಳಗಿನದು ಸವೆಯುತ್ತಲೇ ತನ್ನ ಕೆಲಸ ಮಾಡಬೇಕು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದ ಕೆಲಸದ ಕ್ರಮವೂ ತಿಳಿಯಾಗುತ್ತದೆ.

ಸಮುದ್ರದಲ್ಲಿ ಮುಳುಗಿದ ವಸ್ತುವಿನ ಮೇಲೆ ಮೊದಲು ಸೂಕ್ಷ್ಮಜೀವಿಗಳ ಲೋಳೆ ಹರಡುತ್ತದೆ. ಅದರ ಬೆನ್ನಿಗೆ ಪಾಚಿ ಬೆಳೆಯುತ್ತದೆ, ಬಾರ್ನಕಲ್ ನೆಲೆಯೂರುತ್ತದೆ. ನೋಟಕ್ಕೆ ಚಿಪ್ಪಿನಂತಿದ್ದರೂ ಬಾರ್ನಕಲ್ ಏಡಿ, ಸಿಗಡಿಗಳ ಕುಲದ್ದು. ಎಳೆಯದಾಗಿದ್ದಾಗ ಈಜಾಡುತ್ತಿದ್ದು, ಒಪ್ಪುವ ಜಾಗ ಸಿಕ್ಕೊಡನೆ ತಲೆಯ ಕಡೆಯಿಂದ ಅಂಟಿಕೊಂಡು, ಸುತ್ತಲೂ ಸುಣ್ಣದ ಗೋಡೆ ಕಟ್ಟಿಕೊಂಡು, ಬದುಕಿರುವವರೆಗೂ ಅಲ್ಲಿಂದ ಕದಲುವುದಿಲ್ಲ. ಗಾಳಿಯೊಂದನ್ನೇ ನಂಬಿದ ದೋಣಿಯ ತಳ ಹೀಗೆ ಒರಟಾದರೆ, ತೆಳುಗಾಳಿಯಲ್ಲಿ ಅದು ಸಾಗುವುದೇ ಕಷ್ಟ; ಚುಕ್ಕಾಣಿಯೂ ಹಗುರವಾಗಿ ತಿರುಗುವುದಿಲ್ಲ.

ಮರದ ಹಡಗುಗಳಿಗೆ ಇದರ ಜೊತೆಗೆ ಮರ ಕೊರೆಯುವ ಜೀವಿಗಳ ಕಾಟವೂ ಇತ್ತು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ತಗಡೇನೋ ಕೆಲಸ ಮಾಡಿತು. ಆದರೆ ತಾಮ್ರ ತಗುಲಿದ ಕಡೆಯೆಲ್ಲ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ತಿಂದುಹೋದವು. 1824ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ, ತಾಮ್ರವೇ ಸವೆಯದಂತೆ ತಡೆಯಲು ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯ ಹೇಳಿದರು. ತಾಮ್ರ ಉಳಿಯಿತು, ಆದರೆ ಅದರ ಮೇಲೆ ಪಾಚಿ, ಬಾರ್ನಕಲ್‌ಗಳು ದಟ್ಟವಾಗಿ ಬೆಳೆದವು. ತಾಮ್ರವು ಕರಗಿ ನೀರಿಗೆ ಸೇರುತ್ತಿದ್ದುದರಿಂದಲೇ ತಳ ಶುಚಿಯಾಗಿತ್ತು ಎಂಬುದು ಆಗ ಸ್ಪಷ್ಟವಾಯಿತು. ಇಂದಿನ ಬಹುತೇಕ ತಳದ ಬಣ್ಣಗಳಲ್ಲಿಯೂ ಇರುವುದು ತಾಮ್ರದ ಆಕ್ಸೈಡೇ.

ಕರಗುವ ವಿಷ ದೋಣಿಯ ಬಳಿಯಷ್ಟೇ ಉಳಿಯುವುದಿಲ್ಲ. ತವರದ ಸಂಯುಕ್ತವಾದ ಟ್ರೈಬ್ಯುಟೈಲ್ ಟಿನ್ ಬೆರೆಸಿದ ಬಣ್ಣಗಳು ಬಹಳ ಪರಿಣಾಮಕಾರಿಯಾಗಿದ್ದವು, ಆದರೆ ಅವುಗಳಿಂದ ಸಿಂಪಿಗಳ ಚಿಪ್ಪು ವಿಕಾರವಾಯಿತು, ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗಗಳು ಮೂಡಿದವು. 2001ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಅವುಗಳನ್ನು ನಿಷೇಧಿಸಿತು. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ನೀರು ಹಾಕುತ್ತಾ ಉಪ್ಪುಕಾಗದದಿಂದ ಉಜ್ಜಬೇಕು, ಮುಖಕ್ಕೆ ಸರಿಯಾದ ಮುಖಗವಸು ಇರಬೇಕು, ಉದುರಿದ್ದನ್ನು ನೆಲಹಾಸಿನ ಮೇಲೆ ಹಿಡಿದು ಬೇರೆಯಾಗಿ ವಿಲೇವಾರಿ ಮಾಡಬೇಕು.

ಇನ್ನು ದೋಣಿಯನ್ನು ಎತ್ತುವ ಮಾತು. ಎತ್ತುವ ಅಗಲ ಪಟ್ಟಿಗಳು ಪ್ರೊಪೆಲ್ಲರಿನ ದಂಡಕ್ಕಾಗಲಿ ಚುಕ್ಕಾಣಿಗಾಗಲಿ ಒತ್ತದಂತೆ ಇರಬೇಕು. ದಡದಲ್ಲಿ ದೋಣಿಯ ಭಾರವನ್ನು ಹೊರುವುದು, ತಳದ ನಡುವೆ ಉದ್ದಕ್ಕೂ ಕೆಳಗೆ ಚಾಚಿರುವ ಭಾಗವಾದ ಕೀಲ್‌ನ ಅಡಿಯ ಮರದ ದಿಮ್ಮಿಗಳು. ಅಕ್ಕಪಕ್ಕದ ಊರುಗಾಲುಗಳು ಅದು ವಾಲದಂತೆ ತಡೆಯುತ್ತವೆ, ಅಷ್ಟೇ. ಎದುರುಬದುರಿನ ಊರುಗಾಲುಗಳನ್ನು ಸರಪಳಿಯಿಂದ ಬಿಗಿಯದಿದ್ದರೆ ಅವು ಹೊರಕ್ಕೆ ಜಾರುತ್ತವೆ. ಎತ್ತಿದ ಕೂಡಲೇ, ತಳ ಇನ್ನೂ ಒದ್ದೆಯಿರುವಾಗಲೇ, ರಭಸದ ನೀರು ಹಾಯಿಸಿ ತೊಳೆಯಬೇಕು. ಆಗ ಲೋಳೆ ಪದರ ಪದರವಾಗಿ ಜಾರುತ್ತದೆ. ಒಂದು ದಿನ ಬಿಸಿಲಿಗೆ ಒಣಗಿತೆಂದರೆ ಹೆರೆಯಲು ಹತ್ತುಪಟ್ಟು ಶ್ರಮ ಬೇಕು.

ತೊಳೆದಾದ ಮೇಲೆ ಡಬ್ಬದ ಮುಚ್ಚಳ ತೆಗೆಯುವ ಆತುರ ಬೇಡ. ತಳವನ್ನು ಕಣ್ಣಾರೆ ಕಾಣುವ ಅವಕಾಶ ಮತ್ತೆ ಬೇಗ ಸಿಗದು. ಫೈಬರ್‌ಗ್ಲಾಸ್ ದೋಣಿಯಾದರೆ ಅಂಗೈಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಸವರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಗುಲುತ್ತದೆ. ಅದನ್ನು ಚುಚ್ಚಿದಾಗ ಹುಳಿ ವಾಸನೆಯ ದ್ರವ ಒಸರಿದರೆ, ನೀರು ಪದರಗಳ ಒಳಗೆ ಇಳಿದಿದೆ ಎಂದರ್ಥ. ಆ ಜಾಗವನ್ನು ಬಿಡಿಸಿ, ಸಂಪೂರ್ಣ ಒಣಗಿಸಿ, ಎಪಾಕ್ಸಿ ತುಂಬದೆ ಮೇಲೆ ಬಣ್ಣ ಬಳಿದರೆ ದೋಷವನ್ನು ಮುಚ್ಚಿಟ್ಟಂತಾಯಿತು. ಒಣಗಲು ವಾರಗಳೇ ಹಿಡಿಯಬಹುದು, ಕಾಯಲೇಬೇಕು. ಪ್ರೊಪೆಲ್ಲರಿನ ಬಳಿಯ ಸತುವಿನ ತುಂಡು ಅರ್ಧ ಕರಗಿದ್ದರೆ ಬದಲಿಸಿ, ಆದರೆ ಅದಕ್ಕೆ ಬಣ್ಣ ತಾಗಿಸಬೇಡಿ. ಬಣ್ಣ ಹತ್ತಿದ ಸತು ಯಾವ ಲೋಹವನ್ನೂ ಕಾಯದು.

ಬಳಿಯುವ ಕೆಲಸ ಸುಲಭದ್ದು. ನೀರಿನ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ತಾಮ್ರ ಅಡಿಯಲ್ಲಿ ಕೂತಿರುವುದರಿಂದ ಡಬ್ಬವನ್ನು ಚೆನ್ನಾಗಿ ಕಲಕಿ, ರೋಲರಿನಿಂದ ಎರಡು ಕೋಟು ಹಚ್ಚುವುದು ವಾಡಿಕೆ. ಮೊದಲ ಕೋಟಿಗೆ ಬೇರೆ ಬಣ್ಣವನ್ನು ಆರಿಸಿದರೆ ಅದು ಇಣುಕಿದ ದಿನವೇ ಮೇಲಿನದು ಸವೆದದ್ದು ಗೊತ್ತಾಗುತ್ತದೆ. ನೀರು ಹೆಚ್ಚು ಉಜ್ಜುವ ಕೀಲ್‌ನ ಮುಂದಂಚಿಗೂ ಚುಕ್ಕಾಣಿಗೂ ಇನ್ನೊಂದು ಕೋಟು ಬೇಕು. ಅಲ್ಯೂಮಿನಿಯಂ ದೋಣಿಗೆ ಮಾತ್ರ ತಾಮ್ರದ ಆಕ್ಸೈಡಿನ ಬಣ್ಣ ಸಲ್ಲದು. ಅಲಾರ್ಮ್ ಹಡಗಿನ ಮೊಳೆಗಳಿಗಾದ ಗತಿಯೇ ಆ ತಳಕ್ಕೂ ಬಂದೀತು.

ಊರುಗಾಲುಗಳ ಮೆತ್ತೆ ಒತ್ತಿದ್ದ ಜಾಗಗಳು, ದೋಣಿಯನ್ನು ಮತ್ತೆ ಪಟ್ಟಿಗಳಲ್ಲಿ ತೂಗಿದಾಗಲೇ ಬಣ್ಣಕ್ಕೆ ಸಿಗುತ್ತವೆ. ಅವು ಒಣಗಿದ ಮೇಲೆ ನೀರಿಗಿಳಿಸಿ, ಪಟ್ಟಿಗಳನ್ನು ಕಳಚುವ ಮೊದಲು ಒಳಗೆ ಹೋಗಿ ನೆಲದ ಹಲಗೆಗಳನ್ನು ಎತ್ತಿ, ತಳವನ್ನು ತೂರಿ ಹೋಗುವ ಕೊಳವೆಗಳ ಪ್ರತಿಯೊಂದು ಕವಾಟದ (ವಾಲ್ವ್) ಸುತ್ತಲೂ ಬೆರಳಾಡಿಸಿ ನೋಡಿ. ಬೆರಳು ಒಣಗಿಯೇ ಇದ್ದರೆ ಪಟ್ಟಿಗಳನ್ನು ಸಡಿಲಿಸಲು ಹೇಳಬಹುದು.