ಬಾಖ್ ಕೆಳಗೆ ಡ್ರಮ್ ಹಾಕಿದರೆ ಬ್ರೆಜಿಲ್ ಆಗಲ್ಲ

ನಮಸ್ಕಾರ. ಇವತ್ತು ಸ್ವಲ್ಪ ತಕರಾರು ತೆಗೆಯೋಣ ಅಂತ ಬಂದಿದ್ದೇನೆ.

ಬರೋಕ್ ಪಿಟೀಲನ್ನೂ (ಬಾಖ್, ವಿವಾಲ್ಡಿ ಇದ್ದ 17-18ನೇ ಶತಮಾನದ ಯುರೋಪಿನ ಸಂಗೀತ) ಬ್ರೆಜಿಲ್ ಸಂಗೀತವನ್ನೂ ಬೆರೆಸಿದ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಜಾಸ್ತಿ ಪಾಲು ಒಂದೇ ಥರ. ಮೇಲೆ ವಿವಾಲ್ಡಿ ತನ್ನ ಪಾಡಿಗೆ ಓಡುತ್ತಾನೆ, ಕೆಳಗೆ ಸಾಂಬಾ ತಾಳ ಅದರ ಪಾಡಿಗೆ ಬಡಿಯುತ್ತದೆ. ಇಬ್ಬರಿಗೂ ಮುಖಪರಿಚಯವೇ ಇಲ್ಲ!

ನನ್ನ ಪ್ರಕಾರ ಇವರಿಬ್ಬರು ಭೇಟಿಯಾಗಬೇಕಾದ ಜಾಗ ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳ ಸಾಲು. ರಿಯೋದಲ್ಲಿ 19ನೇ ಶತಮಾನದಲ್ಲಿ ಹುಟ್ಟಿದ ಶೋರೊ ಅನ್ನುವ ವಾದ್ಯಸಂಗೀತ ಕೇಳಿ. ಕೊಳಲು ರಾಗ ನುಡಿಸುತ್ತದೆ. ನಮ್ಮ ಕಂಜಿರದ ಅಣ್ಣನ ಹಾಗಿರುವ ಪಂಡೇರು ತಾಳ ಹಿಡಿಯುತ್ತದೆ. ಏಳು ತಂತಿಯ ಗಿಟಾರಿನವನು ಮಾತ್ರ ಸುಮ್ನೆ ಕೂರುವವನಲ್ಲ. ಕೊಳಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಒಂದು ಓಟ ತೆಗೆದು ಉತ್ತರ ಕೊಟ್ಟಿರುತ್ತಾನೆ. ಬರೋಕ್ ಕಾಲದ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ವಾದಕನ ಕೆಲಸವೂ ಹೆಚ್ಚುಕಮ್ಮಿ ಇದೇ. ಅವನ ಮುಂದೆ ಬರೀ ಬೇಸ್ ಸಾಲು, ಅದರ ಜೊತೆ ಯಾವ ಸ್ವರ ಸೇರಿಸಬೇಕು ಅಂತ ಹೇಳುವ ಒಂದಿಷ್ಟು ಅಂಕಿ. ಉಳಿದದ್ದನ್ನು ಅಲ್ಲೇ ಕೈಯಿಂದ ಕಟ್ಟಬೇಕು.

1940ರ ದಶಕದಲ್ಲಿ ಶೋರೊ ಸಂಗೀತಗಾರ ಪಿಶಿಂಗೀನ್ಯ ಸ್ಯಾಕ್ಸೊಫೋನ್ ಹಿಡಿದು, ಬೆನೆಡಿಟೊ ಲಸೆರ್ಡಾ ಕೊಳಲಿನ ಕೆಳಗೆ ನುಡಿಸಿದ ಸಾಲುಗಳನ್ನು ಕೇಳಿ. ಜೊತೆಗಾರ ಅನ್ನುವುದಕ್ಕಿಂತ ವಾದಕ್ಕೆ ಕೂತವನು ಅನ್ನಿಸುತ್ತದೆ.

ಇನ್ನು ಪಿಟೀಲಿನ ಕಮಾನು. ಹಳೆಯ ಬರೋಕ್ ಕಮಾನು ಹಗುರ, ಕಡ್ಡಿ ಹೊರಗೆ ಬಾಗಿರುತ್ತದೆ. ಕೆಳಗೆಳೆದರೆ ತೂಕ, ಮೇಲೆ ತಳ್ಳಿದರೆ ಹಗುರ. ಸ್ವರಗಳು ಒಂದೇ ಸಮ ಬರುವುದಿಲ್ಲ. ಶೋರೊ ಕೂಡ ಬರೆದಷ್ಟು ಸಮವಾಗಿ ಯಾರೂ ನುಡಿಸುವುದಿಲ್ಲ, ಅಲ್ವಾ? ಇವತ್ತಿನ ಆರ್ಕೆಸ್ಟ್ರಾದವರ ಉದ್ದುದ್ದ, ನುಣುಪು ಎಳೆತ ಆ ಕುಲುಕನ್ನು ಕೊಂದೇಬಿಡುತ್ತದೆ.

ಬಾಖ್ ಅಂದರೆ ಕೈಕಟ್ಟಿ ಕೂತು ಕೇಳಬೇಕಾದವನು ಅನ್ನುವವರಿಗೊಂದು ಮಾತು. 1720ರ ಅವನ ಹಸ್ತಪ್ರತಿಯಲ್ಲಿರುವ ಒಂಟಿ ಪಿಟೀಲಿನ ಎರಡನೇ ಪಾರ್ಟಿಟಾ, ಅಂದರೆ ತುಣುಕುಗಳ ಮಾಲೆ, ಅದರ ತುಂಬ ಕುಣಿತದ ಹೆಸರುಗಳೇ. ಅದರಲ್ಲಿ ಸರಬಾಂಡೆ ಅನ್ನುವ ಕುಣಿತದ ಹೆಸರು 1539ರಲ್ಲೇ ಪನಾಮಾದಲ್ಲಿ ಸಿಗುತ್ತದೆ. ಅಟ್ಲಾಂಟಿಕ್ ದಾಟುವುದು ಅದಕ್ಕೆ ಹೊಸದಲ್ಲ.

ಬ್ರೆಜಿಲ್‌ನ ಸಂಗೀತಕಾರ ವಿಲಾ-ಲೋಬೋಸ್‌ಗೆ ಇದೆಲ್ಲ ಗೊತ್ತಿತ್ತು. ರಿಯೋದ ಶೋರೊ ವಾದಕರ ಜೊತೆ ಗಿಟಾರ್ ನುಡಿಸಿ ಬೆಳೆದವನು. 1930ರಿಂದ 1945ರವರೆಗೆ ಒಂಬತ್ತು 'ಬಾಖಿಯಾನಾಸ್ ಬ್ರಾಸಿಲೇರಾಸ್' (ಬ್ರೆಜಿಲ್‌ನ ಬಾಖ್ ಶೈಲಿಯ ಕೃತಿಗಳು) ಬರೆದ. ಎರಡನೆಯದರ ಕೊನೆಯ ಭಾಗಕ್ಕೆ ಟೊಕಾಟಾ ಅಂತ ಬರೋಕ್ ಕಾಲದ ಹೆಸರು, ಒಳಗೆ ಓಡುವುದು ಹಳ್ಳಿಯ ಪುಟ್ಟ ರೈಲು. ಐದನೆಯದಂತೂ ಎಂಟು ಚೆಲ್ಲೊ (ದಪ್ಪ ದನಿಯ ದೊಡ್ಡ ಪಿಟೀಲು), ಒಂದು ಹೆಣ್ಣುದನಿ, ಅಷ್ಟೇ. ಡ್ರಮ್ ಇಲ್ಲ. ಆದರೂ ಬ್ರೆಜಿಲ್ ಕೇಳಿಸುತ್ತದೆ.

ಹಾಗಾಗಿ ಪಿಟೀಲಿನವರಿಗೆ ನನ್ನದೊಂದು ಬೇಡಿಕೆ. ಒಂದೇ ಸಮ ತಿರುಗುವ ಡ್ರಮ್ ಲೂಪ್ ಆಫ್ ಮಾಡಿ. ಏಳು ತಂತಿ ಗಿಟಾರಿನವರೊಬ್ಬರನ್ನು ಹುಡುಕಿ, ಎದುರು ಕೂರಿಸಿಕೊಳ್ಳಿ. ಆಮೇಲೆ ರೆಕಾರ್ಡ್ ಮಾಡಿ, ಮೊದಲು ನಾನೇ ಕೇಳುತ್ತೇನೆ.